ಕೊಲ್ಲಿಯ ಚಿತ್ರದಲ್ಲೊಂದು ದೋಣಿ

ಹೆಲ್ಲೆವೋಗ್ ಪೊಲೀಸ್ ಠಾಣೆಯ ದಿನಚರಿಯಲ್ಲಿ 2017ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 10.25ಕ್ಕೆ ದಾಖಲಾದ ದೂರು ಒಂದೇ ಸಾಲಿನದು: ವಸ್ತುಸಂಗ್ರಹಾಲಯದ ಒಂದು ಚಿತ್ರದ ಮೇಲೆ ಯಾರೋ ದೋಣಿ ಬರೆದು ಹೋಗಿದ್ದಾರೆ. ಫೋನ್ ಎತ್ತಿದ ಕಾನ್‌ಸ್ಟೇಬಲ್ ಐವಿನ್ ಕದ್ದಿದ್ದಾರಾ ಎಂದು ಕೇಳಿದ. ಇಲ್ಲ. ಹರಿದಿದ್ದಾರಾ? ಅದೂ ಇಲ್ಲ. ದೋಣಿ ಎಂದಾಗ ಮಾತ್ರ ಅವನು ಮರುಪ್ರಶ್ನೆ ಹಾಕದೆ ಬರೆದುಕೊಂಡ.

ಚಳಿಗಾಲದಲ್ಲಿ ನಮ್ಮ ಠಾಣೆಗೆ ಬರುವುದು ರಸ್ತೆಗೆ ನುಗ್ಗಿದ ಕುರಿ, ಶನಿವಾರದ ಕುಡುಕರ ಜಗಳ, ಕಾಣೆಯಾದ ದೋಣಿಯ ಮೋಟಾರು, ಇಷ್ಟೇ. ಇನ್‌ಸ್ಪೆಕ್ಟರ್ ಸಿಗ್ರುನ್ ಹೌಗ ಹೊಸ ಕೇಸು ಸಿಕ್ಕ ಹುರುಪಿನಲ್ಲೇ ಹೊರಟಳು. ಅವಳು ಒಳನಾಡಿನ ಕಾಡಿನ ಕಡೆಯವಳು. ಈ ಕರಾವಳಿಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಕಡಲೆಂದರೆ ಅವಳಿಗೆ ಈಗಲೂ ಅಷ್ಟಕ್ಕಷ್ಟೇ.

ಸಂಗ್ರಹಾಲಯದಲ್ಲಿ ಆಗ ನಡೆಯುತ್ತಿದ್ದುದು ನಮ್ಮದೇ ತೀರದ ಚಿತ್ರಗಳ ಪ್ರದರ್ಶನ. ಹಿಂದೆ ಆನ್ಫಿನ್ ಎಂಬ ಚಿತ್ರಗಾರ ಮನೆಯಿಂದ ಮನೆಗೆ ಹೋಗಿ, ವಾರ ಉಂಡುಕೊಂಡಿದ್ದು, ಆ ಮನೆಯ ಅಡುಗೆಕೋಣೆಯ ಕಿಟಕಿಯಿಂದ ಕಾಣುವ ಕಡಲನ್ನು ಬರೆದು ಕೊಟ್ಟು ಹೋಗುತ್ತಿದ್ದ. ಹಳೆಯ ಮನೆಗಳಲ್ಲೆಲ್ಲ ಊಟದ ಮೇಜಿನ ಎದುರು ಅವನದೊಂದು ಚಿತ್ರ ಇದ್ದೇ ಇದೆ. ಸಂಗ್ರಹಾಲಯದ ಮುಖ್ಯಸ್ಥೆ ವಿಬೆಕೆ ಎರಡು ವರ್ಷ ಮನೆಮನೆ ಅಲೆದು ಅಂಥ ನಲವತ್ತೊಂದು ಚಿತ್ರಗಳನ್ನು ಎರವಲು ತಂದಿದ್ದಳು. ತೊಳೆಯುವುದು, ಚೌಕಟ್ಟು ಬಿಗಿಯುವುದು, ತೂಗುಹಾಕುವುದು, ಚೀಟಿ ಬರೆಯುವುದು ಎಲ್ಲ ಅವಳೊಬ್ಬಳದೇ. ಅಷ್ಟು ಪ್ರೀತಿಯಿಂದ ಯಾರೂ ನಮ್ಮ ಗೋಡೆಗಳನ್ನು ನೋಡಿರಲಿಲ್ಲ, ಅದನ್ನು ಒಪ್ಪಬೇಕು.

11.05ಕ್ಕೆ ಸ್ಥಳ ಮಹಜರು ಶುರುವಾಯಿತು. ಮಹಡಿಯ ಹಾಲ್, ಪೂರ್ವದ ಗೋಡೆ, ಚಿತ್ರ ಸಂಖ್ಯೆ 17, 'ವೋಗೆ ಮನೆಯ ಕಿಟಕಿಯಿಂದ, 1951'. ಎರಡು ಗುಡ್ಡ, ನಡುವೆ ಕೊಲ್ಲಿ. ಕೊಲ್ಲಿಯ ಬಾಯಲ್ಲಿ ಕಿರುಬೆರಳಿನುದ್ದದ ಬಿಳಿ ದೋಣಿ, ಅಂಚಿಗೆ ಹಸಿರು ಪಟ್ಟಿ, ಒಳಗೆ ಅಕ್ಕಿಕಾಳಿನಷ್ಟು ಇಬ್ಬರು ಮನುಷ್ಯರು. ಬಣ್ಣ ಇನ್ನೂ ಹಸಿ. ವಿಬೆಕೆ ಮೂಸಿ ನೋಡಿ ಇದು ಚಿತ್ರಗಾರರ ಬಣ್ಣವಲ್ಲ, ದೋಣಿಗೆ ಬಳಿಯುವುದು ಎಂದಳು. ಬರೆದವನ ಕೈ ಎಲ್ಲೂ ನಡುಗಿರಲಿಲ್ಲ. ಸಿಗ್ರುನ್ ಅಳತೆ ಬರೆಸುತ್ತಿದ್ದಾಗ ಐವಿನ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

ಕೃತ್ಯದ ಸಮಯ ಪತ್ತೆಮಾಡುವುದು ಕಷ್ಟವಾಗಲಿಲ್ಲ. ಸೋಮವಾರ ರಜೆ. ಭಾನುವಾರ ಮಧ್ಯಾಹ್ನ ಎರಡರಿಂದ ಮೂರರವರೆಗೆ ಕೆಳಗೆ ಬಿಸಿ ದೋಸೆಯಂಥ ವಾಫಲ್ ಹಾಕುತ್ತಾರೆ. ಆ ಹೊತ್ತಿಗೆ ನಮ್ಮವರು ಎಂಥ ಕಲೆಯನ್ನೂ ಬಿಟ್ಟು ಕೆಳಗಿಳಿಯುತ್ತಾರೆ, ಕಾವಲಿನವನೂ ಸೇರಿ. ಅಂದು ಹಿಟ್ಟು ಹುಯ್ಯುತ್ತಿದ್ದವಳು ಸ್ವತಃ ವಿಬೆಕೆ. ನಾಲ್ಕಕ್ಕೆ ಮೇಲೆ ಹತ್ತಿ ನೋಡದೆ ಬೀಗ ಹಾಕಿದೆ ಎಂದು ಎರಡೆರಡು ಸಲ ಹೇಳಿಕೊಂಡಳು. ಬಂದಿದ್ದವರು ಮೂವತ್ತೊಂದು ಜನ. ಸಂದರ್ಶಕರ ಪುಸ್ತಕದಲ್ಲಿ ಅಷ್ಟೂ ಜನರ ಸಹಿ ಇತ್ತು. ಕಳ್ಳತನಕ್ಕೆ ಬಂದವನೂ ಸಹಿ ಹಾಕದೆ ಒಳಗೆ ಹೋಗುವ ಊರಲ್ಲ ಇದು.

"ಇದೇ ಜಾಗದಲ್ಲಿ ಯಾಕೆ ಬರೆದ್ರು?" ಸಿಗ್ರುನ್ ಕೇಳಿದಳು.

ವಿಬೆಕೆ, "ಇಲ್ಲೇ ಮೊದಲೊಂದು ದೋಣಿ ಇತ್ತು. ಜನವರಿಯಲ್ಲಿ ನಾನೇ ತೆಗೆದೆ" ಎಂದಳು.

ತೆಗೆಯುವ ಮುಂಚಿನ ಫೋಟೋ ಅವಳ ಕಡತದಲ್ಲಿತ್ತು. ಅದೇ ಬಿಳಿ ದೋಣಿ, ಅದೇ ಹಸಿರು ಪಟ್ಟಿ, ಒಳಗೆ ಒಬ್ಬನೇ ಮನುಷ್ಯ. ಆ ದೋಣಿ ಆನ್ಫಿನ್ ಬರೆದದ್ದಲ್ಲ, ಎಷ್ಟೋ ವರ್ಷದ ಮೇಲೆ ಬೇರೆ ಯಾರೋ ಸೇರಿಸಿದ್ದು ಎಂದು ದೀಪದಡಿ ಹಿಡಿದಾಗ ಅವಳಿಗೆ ಗೊತ್ತಾಗಿತ್ತು. ಚಿತ್ರಗಾರ ಬರೆದದ್ದನ್ನು ಉಳಿಸಿ ಬೇರೆಯವರು ಮೆತ್ತಿದ್ದನ್ನು ತೆಗೆಯುವುದು ಅವಳ ಕಸುಬಿನ ಧರ್ಮ. ಮನೆಯವರ ಒಪ್ಪಿಗೆ ಪತ್ರವೂ ಇತ್ತು. 'ನಂತರ ಮಾಡಿದ ಬದಲಾವಣೆ' ಎಂಬಲ್ಲಿ 'ಏನೂ ಇಲ್ಲ' ಎಂದು ಬರೆದು, ಶುಚಿ ಮಾಡಬಹುದು ಎಂದು ಸಹಿ ಹಾಕಿದ್ದರು. ಫೆಬ್ರವರಿ 26ರ ಉದ್ಘಾಟನೆಯ ದಿನ ಆ ಫೋಟೋವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಯಿಸಿ, ತೊಳೆಯುವ ಮೊದಲು ಹೀಗಿತ್ತು, ಈಗ ಹೀಗಿದೆ ಎಂದು ಅವಳು ಎಲ್ಲರಿಗೂ ತೋರಿಸಿದ್ದಳು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದ್ದರಂತೆ.

ಕಾರಿಗೆ ಬಂದ ಮೇಲೆ ಸಿಗ್ರುನ್, "ಒಳಗೆ ಟೋಪಿ ಯಾಕೆ ತೆಗೆದೆ, ಐವಿನ್?" ಎಂದಳು.

"ಸಮಾಧಿ ಮುಂದೆ ಟೋಪಿ ಹಾಕ್ಕೊಂಡು ನಿಲ್ಲಕ್ಕಾಗತ್ತಾ ಮೇಡಂ?"

ಆಮೇಲೆ ಅವನು ಬಿಟ್ಟು ಬಿಟ್ಟು ಹೇಳಿದ. ನಮ್ಮ ಕೊಲ್ಲಿಯಲ್ಲಿ ಕಡಲಿಗೆ ಹೋದವನ ದೇಹ ಸಿಗದೇ ಹೋದರೆ ಚರ್ಚಿನ ಅಂಗಳದಲ್ಲಿ ಕಲ್ಲು ನೆಡುವುದಿಲ್ಲ. ಕಲ್ಲಿನ ಕೆಳಗೆ ಇಡುವುದಾದರೂ ಏನನ್ನು? ಮನೆಯವರಲ್ಲೇ ಒಬ್ಬರು, ಆ ದೋಣಿಗೆ ಬಳಿದು ಮಿಕ್ಕ ಬಣ್ಣದಿಂದ, ಕಿಟಕಿಯ ಚಿತ್ರದಲ್ಲಿ ಆ ದೋಣಿಯನ್ನು ಬರೆಯುತ್ತಾರೆ. ಆಮೇಲೆ ಅದರ ಮಾತೆತ್ತುವುದಿಲ್ಲ, ಮಕ್ಕಳಿಗೂ ಹೇಳುವುದಿಲ್ಲ. ಅಮ್ಮ ಉಣ್ಣುವಾಗ ಎತ್ತ ನೋಡುತ್ತಾಳೆ ಎಂಬುದರಿಂದಲೇ ಮಕ್ಕಳಿಗೆ ಗೊತ್ತಾಗಬೇಕು. ಐವಿನ್‌ನ ಅಜ್ಜಿಯ ಮನೆಯ ಚಿತ್ರದಲ್ಲಿ ಎರಡು ದೋಣಿಗಳಿವೆ.

"ಉದ್ಘಾಟನೆಗೆ ನೀನೂ ಹೋಗಿದ್ಯಲ್ಲ. ಅವತ್ತೇ ಹೇಳಬಾರದಿತ್ತಾ?"

"ಯಾರೂ ಹೇಳಲ್ಲ ಮೇಡಂ. ಹಿಂದಿನ ಸಾಲಿನವರಿಗೆಲ್ಲ ಗೊತ್ತಿತ್ತು, ಯಾರೂ ಹೇಳ್ಲಿಲ್ಲ."

12.40ಕ್ಕೆ ಅವರು ವೋಗೆ ಮನೆ ತಲುಪಿದರು. ಚಿತ್ರದ ಒಡತಿ ಗುನ್ವೊರ್ ಶಾಲೆಯ ಬಸ್ಸು ಓಡಿಸುವವಳು, ಐವತ್ತರ ಹೆಂಗಸು. ಮೇಜಿನ ಎದುರಿನ ಗೋಡೆಯಲ್ಲಿ ಚಿತ್ರವಿದ್ದ ಜಾಗ ಚೌಕವಾಗಿ ಬೆಳ್ಳಗಿತ್ತು. ಪತ್ರದಲ್ಲಿ 'ಏನೂ ಇಲ್ಲ' ಎಂದು ಬರೆದವಳು ಅವಳೇ. ಯಾಕೆ ಹಾಗೆ ಬರೆದಿರಿ ಎಂದಾಗ ಅವಳ ಮುಖ ಸಪ್ಪೆಯಾಯಿತು.

"ದೋಣಿ ಒಂದು ಬದಲಾವಣೆ ಅಂತ ನಂಗೆ ಹೊಳೀಲೇ ಇಲ್ಲ. ಅದು ಹಲ್ದೋರ್ ಮಾವ" ಎಂದಳು.

ಮಿಕ್ಕ ಕತೆಯನ್ನು ಕಾಫಿ ಬಸಿಯುತ್ತ ಹೇಳಿದಳು. ಅವಳ ತಾಯಿಗೆ ಇಬ್ಬರು ಅಣ್ಣಂದಿರು, ಹಲ್ದೋರ್ ಮತ್ತು ಓಸ್ಮುಂಡ್. ಒಂದೇ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರು. 1968ರ ಫೆಬ್ರವರಿ 9ರಂದು ಓಸ್ಮುಂಡ್‌ಗೆ ಜ್ವರ. ಹಲ್ದೋರ್ ಒಬ್ಬನೇ ಹೋದ, ಮರಳಲಿಲ್ಲ. ಅಜ್ಜಿ ಬೊರ್ಗಿಲ್ ಮುಂದೆ ಇಪ್ಪತ್ತಾರು ವರ್ಷ ಬದುಕಿದ್ದು ಅಷ್ಟೂ ದಿನ ಆ ಚಿತ್ರದ ಎದುರು ಕೂತೇ ಉಂಡಳು. ಅವಳು ಹೋದ ಮೇಲೆ ಆ ಕುರ್ಚಿ ಓಸ್ಮುಂಡ್‌ನದು. ಅವನು ಕೆಳಗೆ ತೀರದಲ್ಲಿ ದೋಣಿ ಇಡುವ ದೋಣಿಮನೆಯಲ್ಲಿರುತ್ತಾನೆ, ಭಾನುವಾರ ಮಾತ್ರ ಊಟಕ್ಕೆ ಮೇಲೆ ಬರುತ್ತಾನೆ. ಉದ್ಘಾಟನೆಗೆ ಹೋಗಿ ಬಂದ ಮೇಲೆ ಊಟಕ್ಕೆ ಬಂದಿಲ್ಲ. ಬಾಗಿಲಲ್ಲಿ ಇಟ್ಟು ಬಂದ ಊಟ ಹಾಗೇ ವಾಪಸಾಯಿತು.

ಸಿಗ್ರುನ್ ಸಹಿಗಳ ಪಟ್ಟಿ ತೆಗೆದು ನೋಡಿದಳು. ಭಾನುವಾರದ ನಾಲ್ಕನೆಯ ಸಾಲು: ಓಸ್ಮುಂಡ್ ವೋಗೆ, ವಿಳಾಸದ ಸಮೇತ.

1.15ಕ್ಕೆ ದೋಣಿಮನೆಯ ಬಾಗಿಲು ತಟ್ಟಿದರು. ಎಪ್ಪತ್ಮೂರರ ಓಸ್ಮುಂಡ್ ಹಲಗೆಯನ್ನು ಉಜ್ಜುಕಾಗದದಿಂದ ನಯಮಾಡುತ್ತಿದ್ದ. ಕಪಾಟಿನಲ್ಲಿ ಬಿಳಿ, ಹಸಿರು ಬಣ್ಣದ ಡಬ್ಬಗಳು, ಜಾಮಿನ ಬಾಟಲಿಯಲ್ಲಿ ನೆನೆಹಾಕಿದ ಸಣ್ಣ ಕುಂಚ, ಎಲ್ಲ ಕಣ್ಣೆದುರೇ ಇದ್ದವು.

"ಬಂದ್ಯೇನಮ್ಮ. ಭಾನುವಾರದಿಂದ ಕಾಯ್ತಿದೀನಿ. ಸಹಿ ಬೇರೆ ಹಾಕಿ ಬಂದಿದ್ದೆ" ಎಂದ.

"ಚಿತ್ರದ ಮೇಲೆ ದೋಣಿ ಬರೆದೋರು ನೀವೇನಾ?"

"ಎರಡು ಸಲಾನೂ ನಾನೇ."

"ಹಳೇದ್ರಲ್ಲಿ ಒಬ್ಬನೇ ಇದ್ದ. ಈಗ ಇಬ್ಬರಿದಾರೆ."

"ಆಗ ಅಮ್ಮ ಇದ್ಲು" ಎಂದ ಓಸ್ಮುಂಡ್.

"ಇನ್ನೊಬ್ಬ ಯಾರು?"

ಅವನು ಡಬ್ಬಗಳ ಮುಚ್ಚಳವನ್ನು ಸುತ್ತ ತಟ್ಟಿ ಭದ್ರ ಮಾಡಿ ಐವಿನ್‌ನ ಕೈಗೆ ಕೊಟ್ಟು, ಕೋಟು ಹಾಕಿಕೊಂಡ. ಡಬ್ಬ, ಕುಂಚ ಜಪ್ತಿಯಾದವು. 1.50ಕ್ಕೆ ದಸ್ತಗಿರಿ ಎಂದು ದಾಖಲಾಗಿದೆ. ಕೈಕೋಳ ಹಾಕಲಿಲ್ಲ. ಕಾರು ಹತ್ತುವಾಗ ಐವಿನ್ ಅವನ ಮೊಣಕೈ ಹಿಡಿದಿದ್ದ.

ಅಷ್ಟರಲ್ಲಿ ಗುನ್ವೊರ್‌ಳಿಂದ ಸಂಗತಿ ತಿಳಿದ ವಿಬೆಕೆ ಠಾಣೆಗೆ ಓಡಿ ಬಂದು ದೂರು ವಾಪಸ್ ಕೊಡಿ ಎಂದಳು. ದಾಖಲಾದ ದೂರನ್ನು ಅಳಿಸಲಾಗದು, ವಿಮೆಯವರಿಗೂ ತಿಳಿಸಿಯಾಗಿದೆ ಎಂದಳು ಸಿಗ್ರುನ್. ವಿಬೆಕೆ ಬೆಂಚಿನ ಮೇಲೆ ಓಸ್ಮುಂಡ್‌ನ ಪಕ್ಕ ಕೂತಳು, ಕ್ಷಮಿಸಿ ಎನ್ನಲು ಹೊರಟು ಅರ್ಧಕ್ಕೇ ಅತ್ತಳು.

"ನೀನು ಚೆನ್ನಾಗೇ ತೊಳೆದಿದ್ದೆ ಕಣಮ್ಮ" ಎಂದ ಅವನು. "ಕೊಲ್ಲಿ ಅಷ್ಟು ನೀಲಿ ಇತ್ತು ಅನ್ನೋದೇ ಮರೆತುಹೋಗಿತ್ತು. ಆದ್ರೆ ಅದ್ರಲ್ಲಿ ಅವನಿರ್ಲಿಲ್ಲ. ಅವನಿಗೆ ಇದ್ದಿದ್ದು ಅದೊಂದೇ ಜಾಗ."

4.30ಕ್ಕೆ ಹೇಳಿಕೆ ಸಿದ್ಧವಾಯಿತು. ಸಹಿಗೆ ಮುಂಚೆ ಆರೋಪಿಗೆ ಅದನ್ನು ಓದಿ ಹೇಳಬೇಕು. ಸಿಗ್ರುನ್ ಓದಿದಳು: ಸಾರ್ವಜನಿಕ ಪ್ರದರ್ಶನದಲ್ಲಿದ್ದ ಚಿತ್ರಕ್ಕೆ ಬಣ್ಣ ಹಚ್ಚಿದ್ದನ್ನು ಒಪ್ಪುತ್ತೇನೆ. ಅಣ್ಣನ ಅಳಿಸಿಹೋದ ಗುರುತನ್ನು ಮರಳಿ ಇಡುವುದೇ ಉದ್ದೇಶ. 1968ರ ಆ ದಿನ ನಾನು ಜ್ವರದಿಂದ ಮಲಗಿದ್ದರಿಂದ ಅಣ್ಣ ಒಬ್ಬನೇ ಹೋದ.

"ಅದನ್ನ ತಿದ್ದು. ಜ್ವರ ಇರ್ಲಿಲ್ಲ" ಎಂದ ಓಸ್ಮುಂಡ್.

"ಗುನ್ವೊರ್ ಹಾಗೇ ಹೇಳಿದ್ರು."

"ಅವಳಿಗೆ ಅವಳಮ್ಮ ಹೇಳಿದ್ದು, ಅವಳಮ್ಮಂಗೆ ನಾನು ಹೇಳಿದ್ದು. ಹೊರಗೆ ಚಳಿ ಇತ್ತು, ಹಾಸಿಗೆ ಬೆಚ್ಚಗಿತ್ತು. ಜ್ವರ ಅಂದೆ. ಅಣ್ಣ ಬಂದು ಹಣೆ ಮುಟ್ಟಿ ನೋಡ್ದ. ಸುಳ್ಳು ಅಂತ ಅವನಿಗೆ ಗೊತ್ತಾಯ್ತು. ಮಲ್ಕೋ ಅಂದ, ಹೊದಿಕೆ ಎಳೆದ, ಹೋದ. ಇಬ್ಬರು ಹುಟ್ಟು ಹಾಕೋ ದೋಣಿ ಅದು."

ಅವನು ಮುಂದುವರಿಸಿದ. ಅಮ್ಮ ಆ ಚಿತ್ರ ನೋಡುತ್ತಲೇ, ನಿನಗೆ ಅವತ್ತು ಜ್ವರ ಬಂದಿದ್ದೇ ಪುಣ್ಯ ಎನ್ನುತ್ತಿದ್ದಳಂತೆ. ಅವಳಿದ್ದಷ್ಟು ದಿನ ಆ ದೋಣಿಯಲ್ಲಿ ತಾನು ಕೂರುವ ಹಾಗಿರಲಿಲ್ಲ ಎಂದ. ಅಳಿಸಿಹೋದ ಜಾಗ ನೋಡಿದಾಗ, ಇನ್ನೊಂದು ಸಲ ಅಣ್ಣನನ್ನು ಒಬ್ಬನೇ ಕಳಿಸಲು ತನ್ನಿಂದಾಗಲಿಲ್ಲ ಎಂದ.

ಸಿಗ್ರುನ್ ಜ್ವರದ ಸಾಲಿಗೆ ಗೆರೆ ಹೊಡೆದು, ಅವನು ಹೇಳಿದ್ದನ್ನು ಹೇಳಿದಂತೆಯೇ ಮೇಲೆ ಬರೆದಳು. ಬರೆಯುವಾಗ ಅವಳಿಗೆ ಕಣ್ಣು ಮಂಜಾಯಿತು. ಓಸ್ಮುಂಡ್ ಕನ್ನಡಕ ಏರಿಸಿ ಎರಡು ಸಲ ಓದಿಕೊಂಡ. ತಿದ್ದಿದ ಕಡೆ ಪಕ್ಕದಲ್ಲೇ ಸಹಿ ಬೇಕೆಂಬುದು ನಿಯಮ. ಅವನು ಸಹಿ ಹಾಕಿದ, ಕೆಳಗೆ ಸಾಕ್ಷಿಯಾಗಿ ಐವಿನ್ ಹಾಕಿದ. ಆಗ ಗಂಟೆ 4.50.