ಒಂದೇ ಕಿವಿಯ ಹೆಡ್‌ಫೋನು

“ನಿಲ್ಸಲಾ! ಯಾವನಲಾ ಅವನು, ಹಸೆಮಣೆ ಮುಂದೆ ಅಳೋ ಹಾಡು ಹಾಕಿದ್ದು!”

ಮದುಮಗನ ಸೋದರಮಾವ ವೆಂಕಟರಾಯಪ್ಪ ಪಂಚೆ ಎತ್ತಿಕಟ್ಟಿಕೊಂಡು ಕೂಗಿದ. ಹುಣಸೆಮರಕ್ಕೆ ಕಟ್ಟಿದ್ದ ಮೈಕ್ ಸೆಟ್ಟಿನ ಎರಡೂ ಹಾರ್ನ್‌ಗಳಲ್ಲಿ ಅಣ್ಣನನ್ನು ಕಳೆದುಕೊಂಡ ತಂಗಿಯೊಬ್ಬಳು ಬಿಕ್ಕಿ ಬಿಕ್ಕಿ ಹಾಡುತ್ತಿದ್ದಳು. ಬಾಶೆಟ್ಟಿಹಳ್ಳಿಗೆಲ್ಲ ಕೇಳಿಸುತ್ತಿತ್ತು. ಮದುಮಗ ಆಗತಾನೆ ಚಪ್ಪರದೊಳಕ್ಕೆ ಬಲಗಾಲಿಟ್ಟಿದ್ದ.

ಸೆಟ್ ನಡೆಸುವ ಆಂಜಿನಪ್ಪ ತಟ್ಟನೆ ಗ್ರಾಮಫೋನ್ ಪ್ಲೇಟಿನ ಮೇಲಿಂದ ಮುಳ್ಳು ಎತ್ತಿದ. ಹಾಡು ನಿಂತಿತು. ವಾಲಗದವರೂ ಗಾಬರಿಯಾಗಿ ನಿಲ್ಲಿಸಿಬಿಟ್ಟರು. ಇಡೀ ಚಪ್ಪರ ಮೈಕ್ ಸೆಟ್ ಕಡೆಗೆ ತಿರುಗಿ ನೋಡಿತು.

ಅವನ ಪಕ್ಕದಲ್ಲಿ ಕೂತಿದ್ದ ಹುಡುಗಿ ಸೊಣ್ಣಿ ತಲೆ ತಗ್ಗಿಸಿದಳು. ಆ ಪ್ಲೇಟು ಎತ್ತಿಕೊಟ್ಟವಳು ಅವಳೇ. ಹಾಡಿನ ಪ್ಲೇಟಿಗೆ ಎರಡು ಮುಖ. ಒಂದು ಕಡೆ ನಗುವ ಹಾಡು, ಇನ್ನೊಂದು ಕಡೆ ಅಳುವ ಹಾಡು. ನಡುವಿನ ಚೀಟಿ ಸವೆದು ಅಕ್ಷರವೇ ಕಾಣುತ್ತಿರಲಿಲ್ಲ. “ಇದೇ ಕಡೆ ಮಾಮ, ಗ್ಯಾರಂಟಿ” ಎಂದು ಅವಳು ಹೇಳಿದ್ದಳು.

“ತಪ್ಪು ನಂದೇ ಸ್ವಾಮಿ, ಕ್ಷಮಿಸ್ಬೇಕು” ಎಂದು ಆಂಜಿನಪ್ಪ ಕೈ ಮುಗಿದ.

ಸಾಯಂಕಾಲ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಸೊಣ್ಣಿ ಮಾಮನ ತೋಳು ಜಗ್ಗಿ ಕೇಳಿದಳು.

“ಗ್ಯಾರಂಟಿ ಅಂದೋಳು ನಾನು. ನೀನ್ಯಾಕೆ ತಪ್ಪು ನಂದು ಅಂದೆ?”

“ಮುಳ್ಳು ಇಟ್ಟೋನು ನಾನು ತಾನೇ?” ಎಂದ ಮಾಮ.

ಆಂಜಿನಪ್ಪ ಸೊಣ್ಣಿಯ ಅಮ್ಮನ ತಮ್ಮ. ಅವನ ಹತ್ತಿರ ಎರಡು ಪ್ಲೇಯರ್ ಇದ್ದವು. ಒಂದರಲ್ಲಿ ಹಾಡು ಮುಗಿಯುವುದರೊಳಗೆ ಇನ್ನೊಂದರಲ್ಲಿ ಮುಂದಿನ ಹಾಡು ಶುರು. ನಡುವೆ ಒಂದು ಉಸಿರಿನಷ್ಟೂ ಖಾಲಿ ಬಿಡುತ್ತಿರಲಿಲ್ಲ. ಆ ಕೈಗಳನ್ನು ನೋಡುವುದೆಂದರೆ ಸೊಣ್ಣಿಗೆ ಊಟವೂ ಬೇಡ. ಐದನೇ ಕ್ಲಾಸಿನ ಹುಡುಗಿಯರಲ್ಲಿ ಮೈಕ್ ಸೆಟ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುವವಳು ಅವಳೊಬ್ಬಳೇ.

ಮಾಮ ಮುಂದಿನ ಹಾಡನ್ನು ಹಾರ್ನಿಗೆ ಬಿಡುವ ಮುಂಚೆ ಮುಳ್ಳಿಗೆ ಕಿವಿ ತಗುಲಿಸುವಷ್ಟು ಬಗ್ಗಿ ಕೇಳುತ್ತಿದ್ದ. ಮುಳ್ಳಿನ ಬಾಯಲ್ಲಿ ಹಾಡು ಇರುವೆ ಹಾಡಿದಂತೆ ಸಣ್ಣಗೆ ಕೇಳಿಸುತ್ತದೆ. ಆದರೆ ಪಕ್ಕದಲ್ಲೇ ಡೋಲು ಬಡಿಯುತ್ತಿದ್ದರೆ ಇರುವೆಯ ಹಾಡು ಯಾರಿಗೆ ಕೇಳಿಸೀತು?

ಮನೆಯಲ್ಲಿ ಅಮ್ಮ ಮುನಿವೆಂಕಟಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. “ಸಾಕು. ಇನ್ಮೇಲೆ ನೀನು ಹೋಗೋದು ಬ್ಯಾಡ. ಮನೇಲಿ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತು” ಎಂದಳು.

“ಅಕ್ಕಾ, ಬೂದಿಗೆರೆ ಮದುವೆ ಒಂದಾಗ್ಲಿ” ಎಂದ ಆಂಜಿನಪ್ಪ. “ಅಲ್ಲೂ ಹಿಂಗೇ ಆದ್ರೆ ನೀನು ಹೇಳ್ದಂಗೇ ಆಗ್ಲಿ.”

ಬೂದಿಗೆರೆಯ ಅಪ್ಪಯ್ಯಣ್ಣನ ಮಗಳ ಮದುವೆಗೆ ಇನ್ನು ಹತ್ತು ದಿನ. ಅಪ್ಪಯ್ಯಣ್ಣ ಮಾರನೆಯ ದಿನವೇ ಸೈಕಲ್ಲಿನಲ್ಲಿ ಬಂದ. ಸುದ್ದಿ ಆಗಲೇ ಬೂದಿಗೆರೆ ಮುಟ್ಟಿತ್ತು.

“ಏನಪ್ಪಾ ಆಂಜಿನಪ್ಪ, ಮದುಮಗನ್ನ ಅಳಿಸಿ ಕಳಿಸಿದ್ಯಂತೆ? ನಮ್ಮನೇಲೂ ಅಂಗೆ ಮಾಡಿದ್ರೆ ನಿನ್ ಹಾರ್ನ್ ತಗಂಡೋಗಿ ಕೆರೆಗೆ ಹಾಕ್ತೀನಿ. ಕಪ್ಪೆಗಳು ಹಾಡ್ಕಳ್ಲಿ.”

ಅವನು ನಗುತ್ತಲೇ ಹೇಳಿದ. ಆದರೆ ಅದು ತಮಾಷೆಯಲ್ಲ ಎಂದು ಸೊಣ್ಣಿಗೆ ಗೊತ್ತಾಯಿತು. ಬಾಗಿಲ ಸಂದಿಯಲ್ಲಿ ನಿಂತು ಲಂಗದ ಅಂಚು ಕಚ್ಚಿಕೊಂಡಳು.

ಅವನು ಹೋದ ಮೇಲೆ ಮಾಮ ಅವಳನ್ನು ಕರೆದ. “ಜಕ್ಕೂರಲ್ಲಿ ವಿಮಾನದ ವೈರ್‌ಲೆಸ್‌ನೋರು ಕಿವಿಗೆ ಏನೋ ಹಾಕ್ಕಂಡಿರ್ತಾರೆ, ನೋಡಿದ್ಯಾ? ಹೆಡ್‌ಫೋನು. ಅದೊಂದಿದ್ರೆ ಮುಂದಿನ ಹಾಡು ನಮ್ಮ ಕಿವೀಲಿ ಮಾತ್ರ. ಹಾರ್ನಿಗೆ ಹೋಗಲ್ಲ. ಸರೀಗೈತೆ ಅಂದ್ಮೇಲೆ ಸ್ವಿಚ್ ಒತ್ತೋದು.”

“ತರ್ತೀಯಾ ಮಾಮ?”

“ತರೋದು ನಾನು. ಆರಿಸೋದು ನೀನು.”

“ನಾನಾ?”

“ಮುಳ್ಳಿನ ಕಿರ್ರ್ ಮುಗಿಯೋದ್ರೊಳಗೆ ಯಾವ ಹಾಡು ಅಂತ ಹೇಳೋ ಕಿವಿ ನಿಂದು. ನನ್ನ ಕಿವಿ ಹಾರ್ನ್ ಕೆಳಗೆ ಕೂತೂ ಕೂತೂ ಅರ್ಧ ಕಲ್ಲಾಗೈತೆ.”

ಭಾನುವಾರ ಇಬ್ಬರೂ ಬೆಂಗಳೂರಿಗೆ ಹೋದರು. ಗಲ್ಲಿಯೊಳಗೆ ಗಲ್ಲಿ, ಅದರೊಳಗೆ ಸಂಜೀವಪ್ಪನ ರೇಡಿಯೋ ರಿಪೇರಿ ಅಂಗಡಿ. ಹೊಟ್ಟೆ ಬಿಚ್ಚಿಟ್ಟ ರೇಡಿಯೋಗಳ ನಡುವೆ ಸಂಜೀವಪ್ಪನ ಕನ್ನಡಕ ಮಾತ್ರ ಕಾಣುತ್ತಿತ್ತು.

“ಹೆಡ್‌ಫೋನ್ ಯಾರಿಗೆ? ನಿಮ್ಗಾ?”

“ಈ ಅಮ್ಮಾವ್ರಿಗೆ ತೋರ್ಸಿ” ಎಂದ ಮಾಮ.

ಸಂಜೀವಪ್ಪ ನಗಲಿಲ್ಲ. ಎರಡು ಹೆಡ್‌ಫೋನು ತಂದು ಸೊಣ್ಣಿಯ ಮುಂದೆ ಇಟ್ಟ. ಒಂದು ಹೊಸದು, ಹಗುರ. ಕಿವಿಗೆ ಕೆಂಪು ಸ್ಪಂಜು. ಇನ್ನೊಂದು ಹಳೆಯದು, ಕಪ್ಪು. ಎತ್ತಿದರೆ ಅರ್ಧ ಸೇರು ಭಾರ. ತಲೆಯ ಮೇಲೆ ಕಬ್ಬಿಣದ ಪಟ್ಟಿ, ಕಿವಿಗೆ ರಬ್ಬರಿನ ದಪ್ಪ ಬಟ್ಟಲು. ಯಾವುದೋ ಕಾಲದ ವೈರ್‌ಲೆಸ್ ಸೆಟ್ಟಿನದಂತೆ.

ಸೊಣ್ಣಿ ಕೆಂಪು ಸ್ಪಂಜಿನದನ್ನು ಹಾಕಿಕೊಂಡಳು. ಸಂಜೀವಪ್ಪ ರೇಡಿಯೋ ತಿರುಗಿಸಿದ. ಆಹಾ! ಕಿವಿಯೊಳಗೆ ಯಾರೋ ಜೇನು ಬಿಟ್ಟಂತಾಯಿತು. ತಂಬೂರಿಯ ತಂತಿ ಒಂದೊಂದೂ ಬೇರೆ ಬೇರೆ ಕೇಳಿಸಿತು.

ಕಪ್ಪಗಿನದನ್ನು ಹಾಕಿಕೊಂಡರೆ ಕಿವಿ ಯಾರೋ ಹಿಡಿದು ಹಿಂಡಿದ ಹಾಗೆ. ಹಾಡು ಬಾವಿಯೊಳಗಿಂದ ಬಂದಂತೆ ಮೊಂಡು ಮೊಂಡು. ಅದೂ ಒಂದೇ ಕಡೆ.

“ಎಡಗಿವಿ ಮುನಿಸ್ಕೊಂಡೈತೆ ಅದ್ರದ್ದು” ಎಂದ ಸಂಜೀವಪ್ಪ. “ಒಂದೊಂದ್ಸಲ ಬಡಿದ್ರೆ ಮಾತಾಡ್ತದೆ. ಸುಳ್ಳು ಯಾಕೆ ಹೇಳ್ಲಿ.”

“ಕೆಂಪುದೇ ಮಾಮ! ಕೆಂಪುದೇ!”

ಮಾಮ ಗಲ್ಲ ಕೆರೆದುಕೊಂಡ. “ಸಂತೇಲಿ ಎಲ್ಲಾ ಎತ್ತೂ ಸಾಧುವೇ ಕಣವ್ವ. ಹೊಲಕ್ಕಿಳಿದ ಮೇಲೇ ಗೊತ್ತಾಗೋದು.”

ಅವನು ಕೈಗಡಿಯಾರ ಬಿಚ್ಚಿ ಸಂಜೀವಪ್ಪನ ಮೇಜಿನ ಮೇಲಿಟ್ಟ. “ಎರಡನ್ನೂ ತಗಂಡೋಗಿ ನೋಡ್ತೀವಿ. ಬ್ಯಾಡದ್ದನ್ನ ಬುಧವಾರ ತಂದು ವಾಚು ಇಸ್ಕೋತೀನಿ.”

ಸೋಮವಾರ ಬೆಳಿಗ್ಗೆ ಸೊಣ್ಣಿ ಹಲ್ಲುಜ್ಜುವ ಮೊದಲೇ ಪ್ಲೇಯರ್ ಮುಂದೆ ಕೂತಳು. ಮಾಮ ಹೊಸ ಸ್ವಿಚ್ ಜೋಡಿಸಿ, ಪ್ಲೇಯರನ್ನು ಬ್ಯಾಟರಿಗೆ ಹಾಕಿದ್ದ. ಕೆಂಪು ಸ್ಪಂಜು ಮತ್ತೆ ಜೇನು ಸುರಿಸಿತು. “ಇದೇ, ಇದೇ” ಎಂದು ಅವಳು ತಲೆಯಾಡಿಸುತ್ತಿರುವಾಗಲೇ ಕರೆಂಟು ಬಂತು.

ಮನೆಯ ಮುಂದಿನ ಅಂಕಣದಲ್ಲಿ ಎರಡು ಮಗ್ಗ. ಅಜ್ಜಿ ದ್ಯಾವಮ್ಮ ಎರಡನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಅವಳು ಸ್ವಿಚ್ ಹಾಕಿದ್ದೇ ತಡ, ಖಟಖಟಾ ಖಟಖಟಾ ಎಂದು ಗೋಡೆ, ಗೂಡು, ಗೂಡಿನ ಲೋಟ ಎಲ್ಲ ಅದುರತೊಡಗಿದವು. ಪಕ್ಕದ ಮನೆಯ ಮಗ್ಗವೂ ಸೇರಿಕೊಂಡಿತು. ಎದುರು ಮನೆಯದೂ ಸೇರಿಕೊಂಡಿತು.

ಕೆಂಪು ಸ್ಪಂಜಿನೊಳಗೆ ಖಟಖಟಾ ಬಿಟ್ಟರೆ ಬೇರೇನೂ ಇಲ್ಲ. ಜೇನು ಎಲ್ಲಿ ಹೋಯಿತೋ!

ಸೊಣ್ಣಿ ಕಪ್ಪಗಿನದನ್ನು ಹಾಕಿಕೊಂಡು ಅಜ್ಜಿಯ ಮಗ್ಗದ ಪಕ್ಕಕ್ಕೇ ಹೋಗಿ ನಿಂತಳು. ಬಟ್ಟಲು ಕಿವಿಯನ್ನು ಕಚ್ಚಿ ಹಿಡಿದಿತ್ತು. ಮಗ್ಗದ ಸದ್ದು ಪಕ್ಕದ ಊರಿಗೆ ಹೋದ ಹಾಗಾಯಿತು. ಬಾವಿಯೊಳಗಿನ ಹಾಡು ಮಾತ್ರ ಬಾವಿಯೊಳಗೇ ಗಟ್ಟಿಯಾಗಿ ಕೇಳಿಸಿತು. ಆದರೆ ಬಲಗಿವಿಗೆ ಮಾತ್ರ. ಎಡಗಿವಿಯನ್ನು ಬಡಿದಳು, ಊದಿದಳು, ಬೈದಳು. ಅದು ಮಾತಾಡಲೇ ಇಲ್ಲ.

ಅವಳಿಗೆ ಅಳು ಬಂತು. ಚೆನ್ನಾಗಿ ಹಾಡುವ ಕೆಂಪಗಿನದಕ್ಕೆ ಶಕ್ತಿ ಇಲ್ಲ. ಶಕ್ತಿ ಇರುವ ಕಪ್ಪಗಿನದು ಅರ್ಧ ಕಿವುಡು.

ಅಷ್ಟರಲ್ಲಿ ದ್ಯಾವಮ್ಮಜ್ಜಿ ಒಳಮನೆಯ ಕಡೆಗೆ ಕೂಗಿದಳು. “ಮುನಿವೆಂಕಟೀ, ಮುಚ್ಚಳ ಕುಣೀತಾ ಐತೆ ನೋಡೇ! ಅನ್ನ ಉಕ್ತದೆ!” ಕೂಗುತ್ತ ಕೂಗುತ್ತಲೇ ಕೈ ಚಾಚಿ ಎರಡನೇ ಮಗ್ಗ ನಿಲ್ಲಿಸಿದಳು. ನೋಡಿದರೆ ಒಂದು ಎಳೆ ತುಂಡಾಗಿತ್ತು.

ಸೊಣ್ಣಿ ಬಾಯಿ ಬಿಟ್ಟುಕೊಂಡು ನಿಂತಳು. “ಈ ಗಲಾಟೇಲಿ ಎಂಗಜ್ಜಿ ಕೇಳಿಸ್ತು ನಿಂಗೆ?”

“ಒಂದ್ ಕಿವಿ ಮಗ್ಗದ್ದು, ಒಂದ್ ಕಿವಿ ಮನೇದು” ಎಂದಳು ಅಜ್ಜಿ, ಎಳೆಯ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ಗಂಟು ಹಾಕುತ್ತಾ. “ಸರಿ ಜರುಗು, ಬೆಳಕಿಗೆ ಅಡ್ಡ.”

ಸೊಣ್ಣಿ ಕಣ್ಣೊರೆಸಿಕೊಂಡು ಮಾಮನ ಹತ್ತಿರ ಹೋದಳು. “ಕಪ್ಪುದೇ ಇರ್ಲಿ ಮಾಮ. ಯಾವ ಹಾಡು ಅಂತ ತಿಳ್ಕೊಳ್ಳೋಕೆ ಒಂದು ಕಿವಿ ಸಾಕು.”

ಮಾಮ ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಸ್ಕ್ರೂಡ್ರೈವರ್ ತಗೊಂಡು ಮಾತಾಡದ ಬಟ್ಟಲನ್ನು ಬಿಚ್ಚಿಯೇಬಿಟ್ಟ. ಆ ಕಡೆ ಕಬ್ಬಿಣದ ತುದಿ ಚುಚ್ಚದಿರಲೆಂದು ಅಜ್ಜಿ ರೇಷ್ಮೆ ಚೂರಿನಿಂದ ಒಂದು ಪುಟ್ಟ ದಿಂಬು ಹೊಲಿದುಕೊಟ್ಟಳು. ಅದು ಕಿವಿಯ ಮೇಲ್ಗಡೆ, ತಲೆಗೆ ಒತ್ತಿಕೊಂಡು ಕೂತಿತು. ಬುಧವಾರ ಮಾಮನ ವಾಚು ಮನೆಗೆ ಬಂತು.

ಬೂದಿಗೆರೆಯಲ್ಲಿ ನಾಲ್ಕು ಹಾರ್ನ್ ಕಟ್ಟಿದ್ದರು. ಧಾರೆಯ ಹೊತ್ತಿಗೆ ವಾಲಗದ ಸದ್ದಿಗೆ ಚಪ್ಪರದ ಗರಿಗಳೇ ಅದುರುತ್ತಿದ್ದವು. ಮಾಮ ಬಲಗಿವಿಗೆ ಕಪ್ಪು ಬಟ್ಟಲು ಸಿಕ್ಕಿಸಿಕೊಂಡು ಹಾಡಿನ ಮೇಲೆ ಹಾಡು ಬಿಟ್ಟ. ಒಂದು ಹಾಡಿನ ಬಾಲ ಹಿಡಿದು ಇನ್ನೊಂದು ಹಾಡು ಹೊರಡುತ್ತಿತ್ತು. ಸೊಣ್ಣಿ ಕಣ್ಣು ಮಿಟುಕಿಸದೆ ನೋಡಿದಳು.

ಆರತಿಯ ಹೊತ್ತಿಗೆ ಒಂದು ಹಾರ್ನ್ ಗೊರಗೊರ ಅನ್ನತೊಡಗಿತು. “ವೈರ್ ಸಡ್ಲ ಆಗೈತೆ. ಮರ ಹತ್ತಿ ಬರ್ತೀನಿ” ಎಂದು ಮಾಮ ಹೆಡ್‌ಫೋನು ತೆಗೆದು ಸೊಣ್ಣಿಯ ತಲೆಗೆ ಹಾಕಿದ. “ಮುಂದಿನ ಪ್ಲೇಟು ನಿಂದು.”

“ಮಾಮಾ!”

ಮಾಮ ಆಗಲೇ ಮರದ ಬುಡ ಸೇರಿದ್ದ.

ಸೊಣ್ಣಿಯ ಕೈಗೆ ಸಿಕ್ಕಿದ್ದು ಅದೇ ಪ್ಲೇಟು. ಚೀಟಿ ಸವೆದದ್ದು. ಎರಡನೇ ಪ್ಲೇಯರ್ ಮೇಲಿಟ್ಟು ಮುಳ್ಳು ಇಳಿಸಿದಳು. ಕಿರ್ರ್... ಬಲಗಿವಿಯಲ್ಲಿ ತಂಗಿ ಬಿಕ್ಕಳಿಸಿದಳು.

ಸೊಣ್ಣಿ ಮೆಲ್ಲಗೆ ಮುಳ್ಳು ಎತ್ತಿ ಪ್ಲೇಟು ಮಗುಚಿ ಹಾಕಿದಳು. ಮತ್ತೆ ಕಿರ್ರ್... ಈಗ ನಗುವ ಹಾಡು. ಮುಳ್ಳನ್ನು ಹಾಡಿನ ಬಾಯಿಗೆ ತಂದು, ಎತ್ತಿ ಹಿಡಿದಳು. ಇನ್ನು ಇಳಿಸಿ ಸ್ವಿಚ್ ಒತ್ತುವುದಷ್ಟೇ ಬಾಕಿ. ಮೊದಲನೇ ಪ್ಲೇಯರಿನ ಹಾಡು ಕೊನೆಯ ಸುತ್ತಿಗೆ ಬಂತು.

ಆಗ ಇನ್ನೊಂದು ಕಿವಿಗೆ ಏನೋ ಕೇಳಿಸಿತು.

ಹಾರ್ನಿನ ಹಾಡಿನ ಕೆಳಗೆ, ಹೆಂಗಸರ ಮಾತಿನ ಕೆಳಗೆ, ಒಂದು ಸಣ್ಣ ಮುದಿ ದನಿ. ಹಸೆಯ ಪಕ್ಕ ಕಂಬಕ್ಕೆ ಒರಗಿ ಕೂತಿದ್ದ ಮದುಮಗಳ ಅಜ್ಜಿ ಅಮ್ಮಯಮ್ಮ ಆರತಿ ತಟ್ಟೆ ನೋಡುತ್ತಾ ಸೋಬಾನೆ ಹಾಡುತ್ತಿದ್ದಳು. ಅವಳಿಗೇ ಅವಳ ಹಾಡು ಕೇಳಿಸುತ್ತಿತ್ತೋ ಇಲ್ಲವೋ. ಯಾರೂ ಆ ಕಡೆ ನೋಡಿರಲಿಲ್ಲ.

ಪ್ಲೇಟು ಮುಗಿಯಿತು. ಸೊಣ್ಣಿ ಸ್ವಿಚ್ ಒತ್ತಲಿಲ್ಲ. ಮುಳ್ಳನ್ನು ಪಕ್ಕಕ್ಕಿಟ್ಟಳು.

ಹಾರ್ನ್ ಮೂಕವಾಯಿತು. ಚಪ್ಪರದ ಆ ತುದಿಯಿಂದ ಅಪ್ಪಯ್ಯಣ್ಣ ತಲೆಯೆತ್ತಿ ಮೈಕ್ ಸೆಟ್ ಕಡೆ ನೋಡಿದ. ಟವೆಲು ಹೆಗಲಿಗೆ ಹಾಕಿಕೊಂಡು ದಾಪುಗಾಲು ಹಾಕುತ್ತಾ ಬರತೊಡಗಿದ.

ಸೊಣ್ಣಿ ಮೈಕು ಎತ್ತಿಕೊಂಡು, ಉದ್ದ ವೈರ್ ಎಳೆದುಕೊಂಡು ಓಡಿದಳು. ಅಮ್ಮಯಮ್ಮನ ಮುಂದೆ ಹಿಡಿದಳು.

“ಅಯ್ಯೋ, ಇದೇನವ್ವಾ ಇದು? ಕಚ್ತದಾ?”

ಅಜ್ಜಿಯ ಮಾತು ನಾಲ್ಕೂ ಹಾರ್ನ್‌ಗಳಲ್ಲಿ ಮೊಳಗಿತು. ಚಪ್ಪರವೆಲ್ಲ ಘೊಳ್ಳೆಂದು ನಕ್ಕಿತು.

“ಕಚ್ಚಲ್ಲ ಅಜ್ಜಿ. ನೀವು ಹಾಡಿ. ನಂಗೆ ಕೇಳಿಸ್ತು.”

ಅಮ್ಮಯಮ್ಮ ಸೊಣ್ಣಿಯ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡಳು. ಕಣ್ಣು ಮುಚ್ಚಿ ಮೊದಲಿಂದ ಶುರುಮಾಡಿದಳು. ದನಿ ಒಂದು ಸಲ ನಡುಗಿತು, ಆಮೇಲೆ ಗಟ್ಟಿಯಾಯಿತು. ಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಸೊಲ್ಲು ಎತ್ತಿದರು. ಮಾತು ಅಡಗಿತು. ಬಡಿಸುವವರು ಸೌಟು ಹಿಡಿದುಕೊಂಡೇ ಅಡುಗೆ ಮನೆಯಿಂದ ಇಣುಕಿದರು. ಹಾಡು ಚಪ್ಪರ ದಾಟಿ, ಕೆರೆ ಏರಿ ದಾಟಿ ಹೋಯಿತು.

ಅಪ್ಪಯ್ಯಣ್ಣ ಅರ್ಧ ದಾರಿಯಲ್ಲೇ ನಿಂತುಬಿಟ್ಟಿದ್ದ. ಅವನು ಅವ್ವನ ಕಡೆ ನೋಡುತ್ತಾ ಟವೆಲಿನಿಂದ ಮುಖ ಒರೆಸಿಕೊಂಡ. ಸೆಖೆ ಅಂಥದ್ದೇನೂ ಇರಲಿಲ್ಲ.

ಸೊಣ್ಣಿ ಮೈಕನ್ನು ಮದುಮಗಳ ಕೈಗೆ ಕೊಟ್ಟು ಬಂದು ಸ್ಟೂಲಿನ ಮೇಲೆ ಕೂತಳು. ಮಾಮ ಮರದಿಂದ ಇಳಿದು ಬಂದ. ಮೊಣಕೈ ತರಚಿತ್ತು.

“ಪ್ಲೇಟು ರೆಡಿ ಇರ್ಲಿಲ್ವಾ?” ಎಂದು ಮೆಲ್ಲಗೆ ಕೇಳಿದ.

“ಇತ್ತು. ಸರಿಯಾದ ಕಡೇನೇ ಇತ್ತು.”

“ಮತ್ಯಾಕೆ ಹಾಕ್ಲಿಲ್ಲ?”

ಸೊಣ್ಣಿ ರೇಷ್ಮೆ ದಿಂಬಿನ ಕೆಳಗೆ ಬರಿದಾಗಿದ್ದ ಎಡಗಿವಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು.

ಮಾಮ ಅವಳನ್ನೇ ನೋಡಿದ. ಹೆಡ್‌ಫೋನಿಗೆ ಕೈ ಚಾಚಿದವನು ಹಿಂದಕ್ಕೆ ತಗೊಂಡ. ಅದು ಅವಳ ತಲೆಯ ಮೇಲೇ ಇರಲಿ ಎಂಬಂತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಇಡೀ ಚಪ್ಪರದಲ್ಲಿ ಒಬ್ಬರೂ ಮೈಕ್ ಸೆಟ್ ಕಡೆಗೆ ತಿರುಗಿ ನೋಡುತ್ತಿರಲಿಲ್ಲ. ಸೊಣ್ಣಿಯ ಮುಂದೆ ಚೀಟಿ ಸವೆದ ಪ್ಲೇಟು ಸದ್ದಿಲ್ಲದೆ ಸುತ್ತುತ್ತಿತ್ತು. ಅವಳಿಗೆ ಯಾವ ಅವಸರವೂ ಇರಲಿಲ್ಲ.