ಹುಲಗೋಳದ ಸುಬ್ಬಿ

"ಅಡ್ಮಿನ್ ಮೇಡಂ... ನೀವಾ?!"

ಯಲ್ಲಾಪುರದ ಆ ವೆಲ್ಡಿಂಗ್ ಶಾಪಿನ ಬಾಗಿಲಲ್ಲಿ ರಕ್ಷಿತಾ ತನ್ನ ಹೆಸರು ಹೇಳಿ ತಲೆ ತಗ್ಗಿಸಿ ನಿಂತಿದ್ದಳು. ಇಷ್ಟು ದಿನ ಫೋನಿನಲ್ಲಷ್ಟೇ ಕೇಳಿದ್ದ ದನಿ. ಇವನೇ ತುಷಾರ! ನಕ್ಕರೆ ಇಷ್ಟು ಚೆಂದ ಕಾಣುತ್ತಾನಾ...

ಛೇ! ಅದನ್ನು ನೋಡುವ ಯೋಗ್ಯತೆ ನನಗಿದೆಯಾ?

ಶಿರಸಿಯಲ್ಲಿ ಹಪ್ಪಳ ಒತ್ತುವ ಮಷಿನ್ ಮಾಡುವ ಕಂಪನಿಯೊಂದರಲ್ಲಿ ಅವಳ ಕೆಲಸ. ಗಿರಾಕಿಗಳ ವಾಟ್ಸಾಪ್ ಗ್ರೂಪ್ ನೋಡಿಕೊಳ್ಳಬೇಕು, ಮಷಿನ್ ಇನ್ನೂ ಹೇಗಿರಬೇಕೆಂದು ಅವರಿಂದಲೇ ಹೊಸ ಐಡಿಯಾ ಹೊರತರಬೇಕು. 'ಆಯಿ' ಎಂದು ಕರೆಯುವ ತಾಯಿಯ ಕೈನೋವು ನೋಡಲಾರದೆ ತುಷಾರ ಮಷಿನ್ನಿಗೆ ಕಾಲಿನ ಪೆಡಲ್ ಕೂರಿಸಿ ವಿಡಿಯೊ ಹಾಕಿದ್ದ. ಗ್ರೂಪಿಗೆ ಗ್ರೂಪೇ ಮೆಚ್ಚಿತ್ತು! ಆದರೆ ಮಾಲೀಕರಿಗೆ ಮೋಟಾರ್ ಮಷಿನ್ ಮಾರಬೇಕಿತ್ತು. "ಮಾತು ಆ ಕಡೆ ತಿರುಗಿಸು" ಎಂದರು.

ತಿರುಗಿಸಿದಳು. 'ಸುಬ್ಬಿ, ಹುಲಗೋಳ' ಎಂಬ ಸುಳ್ಳು ಹೆಸರಿನಲ್ಲಿ ಒಂದೇ ಸಾಲು: 'ಕಾಲಲ್ಲಿ ತುಳಿದ ಹಪ್ಪಳ ನೆಂಟರ ಎಲೆಗೆ ಬಡಿಸ್ತೀರಾ?'

ಎಲ್ಲರೂ ನಕ್ಕರು. ತುಷಾರ ಗ್ರೂಪ್ ಬಿಟ್ಟ. ಅವನನ್ನು ಸಮಾಧಾನ ಮಾಡಲು ಫೋನ್ ಮಾಡಿದವಳೂ ಇವಳೇ! ದಿನಾ ಸಂಜೆಯ ಆ ಮಾತುಗಳಲ್ಲಿ ಯಾವಾಗ ಪ್ರೀತಿ ಹುಟ್ಟಿತೋ... ಇಂದು ನಿಜ ಹೇಳಲೆಂದೇ ಬಸ್ಸು ಹತ್ತಿದ್ದಳು.

"ಆ ಸುಬ್ಬಿಯ ಮಾತು ಕೇಳಿ ಅಂಗಡಿಯವ್ರು ಆಯಿಯ ಹಪ್ಪಳ ವಾಪಸ್ ಕಳಿಸಿದ್ರು ಮೇಡಂ. ಅವಳು ಮಾಡೋದೇ ಬಿಟ್ಲು," ಎಂದ ತುಷಾರ. "ಹುಲಗೋಳದಲ್ಲಿ ಮನೆಮನೆ ಕೇಳ್ದೆ. ಆ ಸುಬ್ಬಿ ಸಿಗ್ಲೇ ಇಲ್ಲ."

"ಸಿಗೋದಿಲ್ಲ... ಆ ಸುಬ್ಬಿ ನಾನೇ."

ಅವನ ಮುಖದಲ್ಲಿ ಉಳಿದಿದ್ದ ನಗುವೂ ಆರಿತು.

"ದಿನಾ ಫೋನ್ ಮಾಡ್ತಿದ್ರಲ್ಲ... ಆಗೆಲ್ಲ ಸುಮ್ನಿದ್ರಾ?"

"ಹೂಂ."

"ತಮಾ, ಬಂದವ್ಕೆ ಕುಡಿಯಲೆ ಎಂತ ಬೇಕು ಕೇಳಾ!" ಶಾಪಿನ ಹಿಂದಿನ ಮನೆಯಿಂದ ಮಗನನ್ನು ಕೂಗಿದ ತಾಯಿಯ ದನಿ. ನಾಚಿಕೆಯಿಂದ ರಕ್ಷಿತಾಳ ಕಿವಿ ಬಿಸಿಯಾಯಿತು.

ಅಲ್ಲೇ ನಿಂತು ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದಳು. "ನಾನು ಅಡ್ಮಿನ್ ರಕ್ಷಿತಾ. ಸುಬ್ಬಿ ಅಂತ ಯಾರೂ ಇಲ್ಲ. ಆ ಮಾತು ಕಂಪನಿಗೋಸ್ಕರ ನಾನೇ ಬರೆದಿದ್ದು. ಪೆಡಲ್ ಕೆಳಗಿರ್ತದೆ, ಹಪ್ಪಳಕ್ಕೆ ಕಾಲು ತಾಗೋದೇ ಇಲ್ಲ. ನನ್ನಿಂದ ತಪ್ಪಾಯ್ತು."

ಎರಡೇ ನಿಮಿಷ. ಮಾಲೀಕರು ಅವಳನ್ನು ಗ್ರೂಪಿನಿಂದ ತೆಗೆದುಹಾಕಿದರು. ಕೆಲಸ ಹೋಯಿತೆಂದು ಬೇರೆ ಹೇಳಬೇಕಿರಲಿಲ್ಲ.

"ನಿಮ್ಮನ್ನ ಪ್ರೀತಿಸ್ತೇನೆ ಅಂತಾನೂ ಹೇಳೋಕೆ ಬಂದಿದ್ದೆ... ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ? ಹೋಗ್ತೇನೆ."

"ನಂಗೆ ಸಿಟ್ಟು ಇನ್ನೂ ಹೋಗಲಿಲ್ಲ."

"ಗೊತ್ತು."

"ಆಯಿಗೆ ನೀವೇ ಹೇಳ್ಬೇಕು."

"ಹೇಳ್ತೇನೆ... ಆದ್ರೆ ಹೆದ್ರಿಕೆ ಆಗ್ತದೆ, ತುಷಾರ."

ಮಸಿ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವನು ಅವಳ ಕೈ ಹಿಡಿದು, ಮೊದಲ ಸಲ ತನ್ನ ಮನೆಮಾತಿನಲ್ಲಿ ಅಂದ:

"ಬಾ. ಆನು ನಿನ್ನ ಪಕ್ಕ ನಿಂತಿರ್ತೆ."