ಹೊರಗೆ ಕೂತಾಗ ಮಾತ್ರ ನಗುವವಳು

"ಬೇಡ ರೀ, ಕೂತ್ಕೊಳ್ಳಿ. ನಾನೇನು ಮುದುಕಿನಾ, ಬಸುರಿನಾ?"

ಹೊಸೂರು ರಸ್ತೆಯ ಸಂಜೆ ಬಸ್ಸಿನಲ್ಲಿ ಅಷ್ಟೂ ತಲೆಗಳು ತಿರುಗಿದವು. ಸೀಟು ಬಿಟ್ಟುಕೊಡಲು ಎದ್ದಿದ್ದ ನಲ್ಲಪ್ಪ ಅರ್ಧಕ್ಕೇ ನಿಂತ. ಪೂರ್ತಿ ಏಳುವುದೋ, ಮತ್ತೆ ಕೂರುವುದೋ ತಿಳಿಯಲಿಲ್ಲ.

ಬೈದವಳ ಹೆಸರು ಅಂಜಿನಮ್ಮ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಬೈದ ಮರುಗಳಿಗೆಯೇ ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಕೈ ಏಳಲಿಲ್ಲ. ಮೈಯೆಲ್ಲ ನೆನೆದ ಗೋಣಿಚೀಲದ ಹಾಗೆ ಭಾರ.

'ಪಾಪ, ಒಳ್ಳೇದಕ್ಕೆ ಎದ್ದ. ನಾನ್ಯಾಕೆ ಹೀಗೆ...'

ಸಿಂಗಸಂದ್ರದಲ್ಲಿ ಅವಳು ಇಳಿದುಹೋದಳು. ಬೊಮ್ಮನಹಳ್ಳಿಯಲ್ಲೇ ಲೇತ್ ಮಿಷನ್ನಿನ ಕೆಲಸ ಮಾಡುತ್ತಿದ್ದ ನಲ್ಲಪ್ಪ ಮಾತ್ರ ತನ್ನೂರು ಹೆಬ್ಬಗೋಡಿಯವರೆಗೂ ಆ ಸೀಟಿನಲ್ಲಿ ಕೂರಲಿಲ್ಲ. ಎಲೆಕ್ಟ್ರಾನಿಕ್ ಸಿಟಿ ಎಂದು ಹೊಸದಾಗಿ ನೆಟ್ಟ ಬೋರ್ಡು ದಾಟುವಾಗಲೂ ಆ ಕಣ್ಣೀರೇ ಅವನ ಕಣ್ಣ ಮುಂದಿತ್ತು.

ಮುಂದಿನ ವಾರ ಅದೇ ಬಸ್ಸು. ಗೆಳತಿಯರ ನಡುವೆ ನಗುತ್ತಿದ್ದ ಹುಡುಗಿಯೊಬ್ಬಳು ಜನರನ್ನು ಸರಿಸಿಕೊಂಡು ನೇರ ಅವನ ಬಳಿಗೆ ಬಂದಳು.

"ಅವತ್ತು ಬೈದಿದ್ದೆ. ಮನಸಿಗೆ ಹಚ್ಕೋಬೇಡಿ."

"ಅವ್ರು... ನೀವೇನಾ?"

"ಯಾಕೆ, ಅನುಮಾನನಾ? ಇನ್ನೊಂದ್ಸಲ ಬೈದು ತೋರಿಸ್ಲಾ?"

ನಲ್ಲಪ್ಪ ನಕ್ಕುಬಿಟ್ಟ. ಅಜ್ಜಿ ಕಥೆಗಳಲ್ಲಿ ಕಪ್ಪೆಯ ತೊಗಲು ಕಳಚಿಟ್ಟು ರಾಜಕುಮಾರಿ ಹೊರಗೆ ಬರುತ್ತಾಳಲ್ಲ, ಹಾಗೆ ಕಂಡಳು ಅವಳು. ಆ ತೊಗಲನ್ನು ಎಲ್ಲಿಟ್ಟಿದ್ದಾಳೆ, ಮತ್ತೆ ಯಾವಾಗ ತೊಡುತ್ತಾಳೆ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

ಬಸ್ಸಿನ ಮಾತು ಮನೆಯವರೆಗೂ ಬಂತು. ಒಂದೇ ಕುಲದವರು, ಎರಡೂ ಕಡೆಯ ಹಿರಿಯರು ಒಪ್ಪಿದರು.

ಮದುವೆಯ ಹಿಂದಿನ ದಿನ ತಾಯಿ ಭದ್ರಮ್ಮ ಮಗಳನ್ನು ಒಳಮನೆಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದಳು.

"ಮುಟ್ಟಿಗೆ ಮುಂಚೆ ನಿಂಗಾಗೋದನ್ನ ಅಲ್ಲಿ ಬಾಯಿ ಬಿಡಬೇಡ. ತಲೆ ಸರಿ ಇಲ್ಲ ಅಂತಾರೆ. ತಂದು ಬಿಟ್ಟೋಗ್ತಾರೆ. ನನ್ ಮೇಲೆ ಆಣೆ."

ಅಂಜಿನಮ್ಮ ಆಣೆ ಇಟ್ಟಳು.

ಮೈನೆರೆದಾಗಿನಿಂದಲೂ ಇದ್ದದ್ದು ಅದು. ಮುಟ್ಟಿಗೆ ವಾರವಿದೆ ಎನ್ನುವಾಗ ಶುರುವಾಗುತ್ತಿತ್ತು. ಬೆಳಗಾದರೆ ಕಣ್ಣು ತೆರೆಯುವುದೇ ಒಂದು ಕೆಲಸ. ಅನ್ನ ಮಣ್ಣಿನ ಹಾಗೆ. ಯಾರು ಮಾತಾಡಿದರೂ ಸಿಟ್ಟು, ಸಿಟ್ಟಿನ ಹಿಂದೆಯೇ ಅಳು, ಅಳುವಿನ ಹಿಂದೆ ಏನೂ ಇಲ್ಲದ ಒಂದು ಕತ್ತಲು. ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಇಟ್ಟವರ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ತನ್ನ ಜೀವವನ್ನೂ ಯಾರೋ ತಿಂಗಳಿಗೊಮ್ಮೆ ಕದ್ದೊಯ್ದು ಪಂಜರಕ್ಕೆ ಹಾಕುತ್ತಾರೆ ಎಂದೇ ಅವಳು ನಂಬಿದ್ದಳು.

ಮುಟ್ಟಾದ ದಿನವೇ ಗಿಳಿ ಹಾರಿ ಬರುತ್ತಿತ್ತು. ಎದೆಯ ಮೇಲಿನ ಕಲ್ಲು ತಾನಾಗಿ ಉರುಳುತ್ತಿತ್ತು.

ನಲ್ಲಪ್ಪನ ಮನೆಯಲ್ಲಿ ಕನಕಾಂಬರದ ತೋಟವಿತ್ತು. ಗಾರ್ಮೆಂಟ್ಸಿನ ಕೆಲಸ ಬಿಟ್ಟ ಸೊಸೆ ಹೂ ಬಿಡಿಸಬೇಕು, ಬಾವಿಯಿಂದ ನೀರು ಸೇದಬೇಕು. ಮುಟ್ಟಾದವರು ತೋಟಕ್ಕೆ ಕಾಲಿಡುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ಕೊಟ್ಟಿಗೆಯ ಪಕ್ಕದ ಸೂರಿನಡಿ ಚಾಪೆ ಹಾಕಿಕೊಂಡು ಮೂರು ದಿನ ಹೊರಗೆ ಕೂರಬೇಕು. ಅತ್ತೆ ಚಿಕ್ಕಮುನಿಯಮ್ಮನ ಕಟ್ಟುನಿಟ್ಟು ಅದು.

ಹಾಗೆ ಹೊರಗೆ ಕೂತಾಗ ಅಂಜಿನಮ್ಮ ಅರಳುತ್ತಿದ್ದಳು. ತಲೆ ಬಾಚಿ, ಕೇರಿಯ ಮಕ್ಕಳನ್ನೆಲ್ಲ ದೂರದಲ್ಲಿ ಕೂರಿಸಿ ಕಥೆ ಹೇಳುತ್ತಿದ್ದಳು. ರಾಕ್ಷಸನ ದನಿ, ಮುದುಕಿಯ ದನಿ, ಎಲ್ಲ ಅವಳೇ. ಬೀದಿಯವರೆಗೂ ನಗು ಕೇಳುತ್ತಿತ್ತು.

"ನೋಡ್ಲಾ ನಲ್ಲಪ್ಪ, ನಿನ್ ಎಂಡ್ರುನ. ಒಳಗಿದ್ರೆ ಎಣ, ಒರಗೆ ಕೂತ್ರೆ ಮದುವಣಗಿತ್ತಿ," ಎಂದಳು ಅತ್ತೆ. "ನೀರ್ಗೋಗು ಅಂದ್ರೆ ಕೊಡ ಮುಟ್ಟಾಕಿಲ್ಲ. ಗೇಯದು ತಪ್ತದಲ್ಲ, ಅದುಕ್ಕೆ ನಗು."

ನಲ್ಲಪ್ಪ ಬುತ್ತಿ ಡಬ್ಬ ಜಗುಲಿಯ ಮೇಲಿಟ್ಟ. ಅವನಿಗೆ ಚುಚ್ಚಿದ್ದು ಬೇರೆ.

ಮೂರು ದಿನದ ಹಿಂದೆ, ಗೋಡೆಗೆ ಮುಖ ಮಾಡಿ ಮಲಗಿದ್ದವಳ ಭುಜ ಮುಟ್ಟಿದ್ದ. "ಮುಟ್ಟಬೇಡಿ... ನಿಮ್ಮ ಉಸಿರು ತಾಕಿದ್ರೂ ನಂಗಾಗಲ್ಲ," ಎಂದಿದ್ದಳು. ಹಿಂದಿನ ತಿಂಗಳೂ ಹೀಗೇ. ಅದರ ಹಿಂದೆಯೂ ಹೀಗೇ.

ಈಗ ನೋಡಿದರೆ, ಅವನು ಹತ್ತಿರ ಬರಬಾರದ ಈ ದಿನಗಳಲ್ಲಿ ಇಷ್ಟು ನಗು.

"ಬಂದ್ರಾ? ಇವತ್ತು ಬೇಗ ಬಿಟ್ರಾ?" ಎಂದು ಸೂರಿನಡಿಯಿಂದಲೇ ಕೇಳಿದಳು, ಕಣ್ಣು ತುಂಬ ಬೆಳಕು.

'ನಾನು ಮುಟ್ಟೋ ಹಂಗಿಲ್ಲ ಅಂದ್ರೆ ಮಾತ್ರ ಇವಳಿಗೆ ಜೀವ ಬರುತ್ತೆ,' ಎಂದುಕೊಂಡ ನಲ್ಲಪ್ಪ. 'ಬಸ್ಸಲ್ಲಿ ಅವತ್ತು ಹೇಳಿದ್ದೇ ನಿಜ ಇರ್ಬೇಕು. ಬೇಡ ಅಂದಿದ್ಲು. ನಾನೇ ಬಿಡಲಿಲ್ಲ.'

ಅವಳು ತಲೆಸ್ನಾನ ಮಾಡಿ ಒಳಗೆ ಬಂದ ಮಾರನೆಯ ದಿನ ಅವನು ಮೆಲ್ಲಗೆ ಹೇಳಿದ.

"ಅಂಜಿನಿ, ಅಮ್ಮನ ಮನೇಲಿ ಸ್ವಲ್ಪ ದಿನ ಇದ್ದು ಬಾ."

"ಯಾಕೆ? ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ..."

"ನಿಂಗೆ ಇಷ್ಟ ಆದಾಗ ಬಾ. ಆಗ್ಲಿಲ್ಲ ಅಂದ್ರೂ... ಯಾರ ಹತ್ರಾನೂ ನಿನ್ನ ತಪ್ಪು ಅನ್ನಲ್ಲ ನಾನು."

ಅವಳು ಹೂವಿನ ಬುಟ್ಟಿ ಕೆಳಗಿಟ್ಟಳು. 'ಗೊತ್ತಾಗಿದೆ... ಇವರಿಗೆ ಗೊತ್ತಾಗಿಬಿಟ್ಟಿದೆ! ನಾನು ಹುಚ್ಚಿ ಅಂತ.'

ಅಮ್ಮ ಹೆದರಿದ್ದು ಹಾಗೆಯೇ ನಡೆಯುತ್ತಿತ್ತು. ಬಿಡಿಸಿ ಹೇಳಲು ಆಣೆ ಬಿಡಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಹೋದರು. ಕೈಗೆ ಕೈ ತಾಕುವಷ್ಟು ಹತ್ತಿರ, ಅವಳ ಮುಖ ಮಾತ್ರ ಕಿಟಕಿಯ ಕಡೆ.

ಸಿಂಗಸಂದ್ರದಲ್ಲಿ ದಿನಗಳು ಉರುಳಿದವು. ಬಸ್ಸಿನ ಸದ್ದಾದಾಗಲೆಲ್ಲ ಅಂಜಿನಮ್ಮ ಹೊಸಿಲಿಗೆ ಬಂದು ನಿಲ್ಲುತ್ತಿದ್ದಳು. ಆಮೇಲೆ ಹೊಸಿಲಿಗೂ ಬರಲಾಗಲಿಲ್ಲ. ಗಿಳಿಯನ್ನು ಕದಿಯುವವನಿಗೆ ಅಮ್ಮನ ಮನೆಯ ದಾರಿಯೂ ಗೊತ್ತಿತ್ತು.

ಹೆಬ್ಬಗೋಡಿಯಲ್ಲಿ ಚಿಕ್ಕಮುನಿಯಮ್ಮ ಸೊಸೆಯ ಟ್ರಂಕನ್ನು ಜಗುಲಿಗೆ ತಂದಿಟ್ಟಳು. "ಬರದೇ ಇರೋಳ ಟ್ರಂಕು ಇಲ್ಲ್ಯಾಕೆ? ಕೊಟ್ಟು ಬಾ."

ಟ್ರಂಕು ಹೊತ್ತು ಹೊರಟ ನಲ್ಲಪ್ಪನಿಗೆ ದಾರಿಯುದ್ದಕ್ಕೂ ಒಂದೇ ಚಿತ್ರ. ಅಮ್ಮನ ಮನೆಯ ಜಗುಲಿ, ಸುತ್ತ ಮಕ್ಕಳು, ನಡುವೆ ನಗುತ್ತಿರುವ ಅಂಜಿನಿ. ನಗಲಿ. ಟ್ರಂಕು ಇಳಿಸಿ, ತಿರುಗಿ ನೋಡದೆ ಬಂದುಬಿಡಬೇಕು.

ಭದ್ರಮ್ಮ ಬಾಗಿಲಿಗೆ ಅಡ್ಡ ನಿಂತಳು. ಟ್ರಂಕು ಕಂಡು ಅವಳ ಮುಖ ಬಿಳುಚಿಕೊಂಡಿತು.

"ಬನ್ನಿ ಅಳಿಯಂದ್ರೇ... ಅವಳಿಗೆ ಜ್ವರ. ಮಲಗವ್ಳೆ. ಇನ್ನೊಂದಿನ..."

"ಜ್ವರ ಅಂದ್ರೆ ನೋಡಬೇಡ್ವಾ ಅತ್ತೆ?"

ಒಳಮನೆಯ ಕತ್ತಲಲ್ಲಿ ಅವಳು ಮಲಗಿದ್ದಳು. ಜಡೆಗಟ್ಟಿದ ಕೂದಲು, ಪಕ್ಕದಲ್ಲಿ ಮುಟ್ಟದ ಮುದ್ದೆ. ಗೋಡೆಗೆ ಮಾಡಿದ ಮುಖ. ನಲ್ಲಪ್ಪ ಹಣೆ ಮುಟ್ಟಿದ. ತಣ್ಣಗಿತ್ತು.

"ಇಲ್ಲೂ... ಇಂಗೇನಾ?" ಎಂದ ತನಗೆ ತಾನೇ.

"ನೋಡೋಕೆ ಬಂದ್ರಾ? ಹುಚ್ಚಿ ಹೆಂಗಿರ್ತಾಳೆ ಅಂತ?" ಗೋಡೆಗೇ ಹೇಳಿದಳು ಅವಳು. "ಹೊರಗಡೆ ಟ್ರಂಕು ಇಳಿಸಿದ್ದು ಕೇಳಿಸ್ತು. ಹೋಗಿ ಇನ್ನ."

"ಅಂಜಿನಿ, ನಾನಿಲ್ಲದಿದ್ರೂ ಇಂಗಿದ್ದೀಯಾ?"

"ನೀವಿದ್ರೆ ಏನು, ಇಲ್ಲದಿದ್ರೆ ಏನು..."

"ನನ್ನ ಕಂಡ್ರೆ ಆಗಲ್ಲ ನಿಂಗೆ ಅನ್ಕೊಂಡಿದ್ದೆ. ನಾನು ಹತ್ರ ಬಂದ್ರೆ ಅಳ್ತೀಯ. ಹೊರಗೆ ಕೂತ್ರೆ ನಗ್ತೀಯ. ನನ್ನಿಂದ ತಪ್ಪಿಸ್ಕೊಂಡಿದ್ದಕ್ಕೆ ಆ ನಗು ಅಂತ... ಅದಕ್ಕೇ ಬಿಟ್ಟೋದೆ."

ಅವಳು ನಿಧಾನವಾಗಿ ತಿರುಗಿದಳು. ಬಾತುಹೋದ ಕಣ್ಣುಗಳಲ್ಲಿ ಮೊದಲು ಬೆರಗು, ಆಮೇಲೆ ನೋವು.

"ನನ್ನ ಹುಚ್ಚಿ ಅಂತ ಬಿಟ್ಟಿದ್ದಲ್ವಾ?"

"ಯಾರು ಹೇಳಿದ್ರು ಹುಚ್ಚಿ ಅಂತ?"

ಬಾಗಿಲ ಬಳಿ ಭದ್ರಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. "ಹೇಳವ್ವ. ಆಣೆ ಹಾಕ್ಸಿದ್ದೇ ತಪ್ಪಾಯ್ತು. ಹೇಳು."

ಅವಳು ಹೇಳಿದಳು, ತುಂಡು ತುಂಡಾಗಿ. ಒಂದು ಮಾತಾಡಿ ಸುಸ್ತಾಗಿ ನಿಲ್ಲುತ್ತಿದ್ದಳು. ಅವನು ಕಾಯುತ್ತಿದ್ದ.

"ಹೊರಗೆ ಕೂತಿದ್ದಕ್ಕೆ ನಗ್ತಿರಲಿಲ್ಲ ಕಣ್ರೀ. ಅದು ಬರೋಕೆ ಮುಂಚೆ ಸತ್ತಂಗಿರ್ತೀನಿ. ಬಂದ ದಿನ ಬದುಕ್ತೀನಿ. ಬದುಕಿದ್ದಕ್ಕೆ ನಗು. ನೀವು ಮನೆಗೆ ಬರೋ ಹೊತ್ತಾಯ್ತಲ್ಲ ಅಂತ ನಗು... ಆವತ್ತೇ ನಿಮ್ಮನ್ನ ಮುಟ್ಟೋ ಹಂಗಿಲ್ಲ. ಅತ್ತೆಗೆ ಹೆಂಗೆ ಹೇಳಲಿ, ಮುಟ್ಟಾದಾಗಲೇ ನನಗೆ ನೀವು ಬೇಕನಿಸೋದು ಅಂತ?"

ನಲ್ಲಪ್ಪ ತಲೆ ತಗ್ಗಿಸಿದ.

"ಇನ್ನೊಂದಿದೆ," ಎಂದಳು. ದನಿ ತೀರ ಸಣ್ಣಗಾಯಿತು. "ನೀರಿಗೆ ಹೋಗಲ್ಲ ಅಂತ ಅತ್ತೆ ಬಯ್ತಿದ್ರಲ್ಲ. ಆ ದಿನಗಳಲ್ಲಿ ಬಾವಿ ಒಳಗೆ ಬಗ್ಗಿ ನೋಡಿದ್ರೆ... ತಣ್ಣಗಿರ್ಬೋದು ಅನಿಸುತ್ತೆ. ಸುಸ್ತು ಮುಗೀತದೆ ಅನಿಸುತ್ತೆ. ನನಗೇ ಹೆದರಿಕೆ. ಅದಕ್ಕೆ ಕೊಡ ಮುಟ್ತಿರಲಿಲ್ಲ."

ಆಗ ನಲ್ಲಪ್ಪನಿಗೆ ಅರ್ಥವಾಯಿತು. ತಾನು ಅವಳೊಬ್ಬಳನ್ನೇ ಬಿಟ್ಟುಹೋಗಿದ್ದು ಇದರ ಜೊತೆಗೆ. ಅವಳ ಪಾದ ಹೊದಿಕೆಯಿಂದ ಹೊರಗಿತ್ತು. ಹೊದಿಕೆ ಎಳೆದು ಮುಚ್ಚಿದ, ಅಲ್ಲೇ ಕೂತ.

ಅವತ್ತು ಅವನು ವಾಪಸು ಹೋಗಲಿಲ್ಲ. ಅವಳಿಗೆ ಮುಟ್ಟಾಗುವವರೆಗೂ ಅಲ್ಲೇ ಇದ್ದ. ಆಮೇಲೆ ಆನೇಕಲ್ಲಿನ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಎಲ್ಲ ಕೇಳಿ, "ಇದು ನಾಟಕ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಕೆಲವು ಹೆಂಗಸರ ಮೈ ಹೀಗೆ. ಆ ದಿನಗಳಲ್ಲಿ ಒಬ್ಬಳೇ ಬಿಡಬೇಡಪ್ಪ," ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು. ಕತ್ತಲು ಪೂರ್ತಿ ಹೋಗಲಿಲ್ಲ.

ಹೆಬ್ಬಗೋಡಿಗೆ ಟ್ರಂಕು, ಹೆಂಡತಿ ಎರಡೂ ವಾಪಸು ಬಂದದ್ದು ಕಂಡು ಚಿಕ್ಕಮುನಿಯಮ್ಮ ಮುಖ ತಿರುವಿದಳು. ಮಗ ಎಲ್ಲ ಬಿಡಿಸಿ ಹೇಳಿದ.

"ನಮ್ ಕಾಲ್ದಾಗೆ ಇವೆಲ್ಲ ಇರ್ಲಿಲ್ಲ ಕಣ್ಲಾ. ಮುಟ್ಟಿಗೆ ಮುಂಚೆ ಬ್ಯಾಸರವಂತೆ, ಬಾವಿ ಕರೀತದಂತೆ..." ಎನ್ನುತ್ತಿದ್ದವಳು ತಟ್ಟನೆ ನಿಂತಳು. ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ನನ್ ತಂಗಿ ಈಶ್ವರಿ," ಎಂದಳು ಯಾರನ್ನೂ ನೋಡದೆ. "ಅವಳೂ ಇಂಗೇ ಮೂಲೆ ಇಡೀತಿದ್ಲು. ಎಲ್ಲಾ ಸೋಮಾರಿ ಅಂದ್ವಿ. ನಾನೂ ಅಂದೆ. ನಾನೇ ಕೊಡ ಕೊಟ್ಟು ಕಳ್ಸಿದ್ದೆ..."

ಮಾರನೆಯ ಬೆಳಗ್ಗೆ ಕೊಡ ತಾನೇ ಸೊಂಟಕ್ಕಿಟ್ಟುಕೊಂಡು ಹೊರಟಳು. ಸೊಂಟ ಹಿಡಿದ ದಿನ ಮಗ ನೀರಿಗೆ ಹೋದ. ಬಾವಿಕಟ್ಟೆಯ ಮೇಲೆ ಕೂತಿದ್ದ ಕೇರಿಯ ಹನುಮಂತರಾಯಪ್ಪ ಬಿಟ್ಟಾನೆಯೇ?

"ಏನ್ಲಾ ನಲ್ಲಪ್ಪ, ಸೀರೆ ಒಂದು ಉಟ್ಕೊಂಡಿದ್ರೆ ಸರಿಯಾಗ್ತಿತ್ತು."

"ನಿಂದೂ ಕೊಡ ತಾ ಮಾವ, ತುಂಬ್ಕೊಡ್ತೀನಿ. ಸೀರೆ ಬೇಕಂದ್ರೆ ನಿನ್ ಹೆಂಡ್ತಿ ಹತ್ರ ನೀನೇ ಕೇಳಿ ತಾ."

ತಿಂಗಳು ತಿರುಗಿತು. ಕತ್ತಲು ಹೇಳಿದ ಹೊತ್ತಿಗೆ ಬಂತು.

ದೀಪ ಹಚ್ಚುವ ಹೊತ್ತು. ಅಂಜಿನಮ್ಮ ಗೋಡೆಗೆ ಮುಖ ಮಾಡಿದ್ದಳು. ಕೆಲಸದಿಂದ ಬಂದ ನಲ್ಲಪ್ಪ ಕಾಲು ತೊಳೆದು ಅವಳ ಹಿಂದೆ ಚಾಪೆಯ ಅಂಚಿನಲ್ಲಿ ಕೂತ.

"ಹೋಗ್ರೀ... ನಿಮ್ಮ ಮುಖ ನೋಡೋಕೂ ಆಗ್ತಿಲ್ಲ ನಂಗೆ."

"ನೋಡ್ಬೇಡ. ನೀನು ಗೋಡೆ ನೋಡು. ನಾನು ನಿನ್ನ ಬೆನ್ನು ನೋಡ್ಕೊಂಡಿರ್ತೀನಿ."

ಕೊಟ್ಟಿಗೆಯಲ್ಲಿ ಹಸು ಕೊರಳಾಡಿಸಿದ ಸದ್ದು.

"ಇದು ಹೋಗಲ್ಲ ಕಣ್ರೀ. ಪ್ರತಿ ತಿಂಗಳೂ ಬರುತ್ತೆ."

"ಬರ್ಲಿ. ನಾನೂ ಇರ್ತೀನಿ."

"ಬೇಜಾರಾಗಲ್ವಾ ನಿಮಗೆ?"

ಅವನು ಯೋಚಿಸಿದ. ಸುಳ್ಳು ಹೇಳಬಹುದಿತ್ತು.

"ಆಗುತ್ತೆ. ಅದಕ್ಕೆ ಎದ್ದು ಹೋಗ್ಬೇಕಾ?"

ಅವಳು ತಿರುಗಲಿಲ್ಲ. ಭಾರವಾದ ಕೈಯೊಂದನ್ನು ಹೇಗೋ ಎತ್ತಿ ಹಿಂದಕ್ಕೆ ಚಾಚಿದಳು. ಅದು ಚಾಪೆಯ ಮೇಲೆ ತಡಕಾಡಿ ಅವನ ಮೊಣಕಾಲಿನ ಮೇಲೆ ನಿಂತಿತು.

"ಕಾಲು ಜೋಮು ಹಿಡಿದಿದ್ಯಾ?"

"ಹೂಂ."

"ಹಂಗಾದ್ರೆ ಚಾಚ್ಕೊಳ್ರಿ..." ಎಂದಳು ಗೋಡೆಯ ಕಡೆಯಿಂದ. "ಹೋಗ್ಬೇಡಿ."